ನಾರ್ತ್ ವಿಲ್ಕ್ಸ್‌ಬರೊ: ಇಳಿಜಾರಿನ ಆ ಪುಟ್ಟ ಟ್ರ್ಯಾಕನ್ನು ಮುಚ್ಚಿಸಿದ್ದು ಯಾರು?

ಹಳೇಗೇರ್

ಹೋದ ವಾರ ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ನಡೆಸುವ ನಾಸ್ಕಾರ್ ಬಗ್ಗೆ ಇಲ್ಲೊಂದು ಜಗಳ ಎದ್ದಿತ್ತು. "ಬರೀ ಎಡಕ್ಕೆ ತಿರುಗಿಸೋದು, ಅದೂ ಒಂದು ರೇಸಾ?" ಅಂತ ಒಬ್ಬರು ಕೇಳಿದ್ದರು. ಉತ್ತರ ಬರೆಯಲು ಕೂತೆ, ಅದು ಉದ್ದವಾಯಿತು. ಅದಕ್ಕೇ ಬೇರೆ ಎಳೆ ಶುರು ಮಾಡಿದ್ದೇನೆ.

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಷಾರ್ಲಟ್ ಊರಲ್ಲಿ. ಇಲ್ಲಿಂದ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿದರೆ ವಿಲ್ಕ್ಸ್ ಕೌಂಟಿ ಸಿಗುತ್ತದೆ. ಬ್ಲೂ ರಿಜ್ ಬೆಟ್ಟಗಳ ಬುಡ. ಯಾಡ್ಕಿನ್ ಹೊಳೆಯ ಈಚೆ ವಿಲ್ಕ್ಸ್‌ಬರೊ, ಆಚೆ ನಾರ್ತ್ ವಿಲ್ಕ್ಸ್‌ಬರೊ. ಆಚೆಯ ಊರಿನ ಜನಸಂಖ್ಯೆ ನಾಲ್ಕು ಸಾವಿರ ಚಿಲ್ಲರೆ. ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು, ಅಷ್ಟೇ. ಊರಿನಿಂದ ಸ್ವಲ್ಪ ಹೊರಗೆ, 421ನೇ ಹೆದ್ದಾರಿಯ ಪಕ್ಕದಲ್ಲಿ, ಮೊಟ್ಟೆಯಾಕಾರದ ಒಂದು ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತು 0.625 ಮೈಲಿ, ಅಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಒಂದು ಮೈಲಿಗಿಂತ ಚಿಕ್ಕದಿದ್ದರೆ ಅದನ್ನು ಷಾರ್ಟ್ ಟ್ರ್ಯಾಕ್ ಅನ್ನುತ್ತಾರೆ.

ಈ ಟ್ರ್ಯಾಕ್ ಸಪಾಟಾಗಿಲ್ಲ. ಗ್ಯಾಲರಿ ಮುಂದಿನ ನೇರ ದಾರಿ ಇಳಿಜಾರು, ಹಿಂದಿನ ನೇರ ದಾರಿ ಏರು. ಯಾರೋ ಬುದ್ಧಿವಂತ ಎಂಜಿನಿಯರ್ ಬೇಕೆಂದೇ ಹಾಗೆ ಮಾಡಿದ್ದು ಅಂದುಕೊಳ್ಳಬೇಡಿ. ಇನೊಕ್ ಸ್ಟೇಲಿ ಮತ್ತು ಜೊತೆಗಾರರು ಕಟ್ಟಲು ಹೊರಟಾಗ ಕೈಯಲ್ಲಿದ್ದದ್ದು 1500 ಡಾಲರ್ ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ಗುಡ್ಡ ಕಡಿದು ಮಟ್ಟ ಮಾಡುತ್ತಾ ಹೋದರು, ಅರ್ಧಕ್ಕೇ ದುಡ್ಡು ಮುಗೀತು. ನೆಲ ಹೇಗಿತ್ತೋ ಹಾಗೇ ಟ್ರ್ಯಾಕ್ ಸುತ್ತಿಸಿಬಿಟ್ಟರು. 1947ರ ಮೇ 18ಕ್ಕೆ ಮೊದಲ ರೇಸ್. ಗೆದ್ದದ್ದು ಫಾಂಟಿ ಫ್ಲಾಕ್. ಆಗಿನ್ನೂ ನಾಸ್ಕಾರ್ ಅನ್ನುವ ಸಂಸ್ಥೆಯೇ ಹುಟ್ಟಿರಲಿಲ್ಲ. ಅದು ನೋಂದಣಿ ಆದದ್ದು 1948ರ ಫೆಬ್ರುವರಿಯಲ್ಲಿ.

1949ರಲ್ಲಿ ನಾಸ್ಕಾರ್‌ನ ದೊಡ್ಡ ಸರಣಿ ಶುರುವಾಯಿತು. ಆ ವರ್ಷ ಇದ್ದದ್ದು ಎಂಟೇ ರೇಸ್. ಎಂಟನೆಯದು, ಅಂದರೆ ಕೊನೆಯದು, ನಡೆದದ್ದು ಇದೇ ಇಳಿಜಾರಿನಲ್ಲಿ. ಆಗ ಪೂರ್ತಿ ಮಣ್ಣು. ಡಾಂಬರು ಬಿದ್ದದ್ದು 1957ರಲ್ಲಿ.

ಅಲ್ಲಿಂದ 1996ರ ಸೆಪ್ಟೆಂಬರ್ 29ರ ತನಕ ದೊಡ್ಡ ರೇಸ್‌ಗಳು ನಡೆದವು. ಆ ದಿನ ಜೆಫ್ ಗಾರ್ಡನ್ ಗೆದ್ದ, ಜನ ಮನೆಗೆ ಹೋದರು, ಗೇಟಿಗೆ ಬೀಗ ಬಿತ್ತು. ಆಮೇಲೆ ಕಾಲು ಶತಮಾನ ಡಾಂಬರಿನ ಬಿರುಕಲ್ಲಿ ಹುಲ್ಲು ಬೆಳೆಯಿತು. 2023ರ ಮೇನಲ್ಲಿ ಅದೇ ಟ್ರ್ಯಾಕ್‌ನಲ್ಲಿ ನಾಸ್ಕಾರ್ ಆಲ್‌ಸ್ಟಾರ್ ರೇಸ್ ನಡೆಯಿತು. ನಾನೂ ಹೋಗಿದ್ದೆ.

ಅಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜ ಒಂದು ಮಾತು ಹೇಳಿದರು. "ಅವರು ನಮ್ಮ ಟ್ರ್ಯಾಕ್ ಕೊಳ್ಳಲಿಲ್ಲ, ನಮ್ಮ ಕ್ಯಾಲೆಂಡರ್ ಕೊಂಡರು" ಅಂತ. ಇದರ ಬಗ್ಗೆ ಮಾತಾಡಬೇಕು ಅನ್ನಿಸಿತು. ಮುಚ್ಚಿಸಿದ್ದು ಯಾರು? ಹೊರಗಿನ ದುಡ್ಡಿನವರಾ, ಊರಿನವರೇನಾ?

ಸುಧಾ ಕೇಳ್ತಾರೆ

ಸರ್, ಮೊದಲು ಒಂದು ದಡ್ಡ ಪ್ರಶ್ನೆ. ಸ್ಟಾಕ್ ಕಾರ್ ಅಂದರೆ ಏನು? ಷೇರು ಪೇಟೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಮಾತ್ರ ಗೊತ್ತು. ಮತ್ತೆ ನಾಲ್ಕು ಸಾವಿರ ಜನರ ಊರಿಗೆ ರೇಸ್ ಟ್ರ್ಯಾಕ್ ಯಾಕೆ ಬೇಕಾಯಿತು?

ಗ್ಯಾರೇಜ್ ಪುತ್ತೂರು

ದಡ್ಡ ಪ್ರಶ್ನೆ ಅಲ್ಲ ಮೇಡಂ. ಷೋರೂಮಿನಿಂದ ಬಂದ ಹಾಗೇ ಇರುವ ಕಾರು, ಅದೇ ಸ್ಟಾಕ್. ನಮ್ಮ ಗ್ಯಾರೇಜಲ್ಲೂ ಹುಡುಗರು "ಎಂಜಿನ್ ಸ್ಟಾಕ್ ಇದೆ ಅಣ್ಣ, ಏನೂ ಮುಟ್ಟಿಲ್ಲ" ಅನ್ನುತ್ತಾರಲ್ಲ, ಅದೇ ಅರ್ಥ. 1949ರಲ್ಲಿ ನಿಯಮ ಹಾಗಿತ್ತು. ಈಗಿನ ನಾಸ್ಕಾರ್ ಕಾರಿಗೂ ಷೋರೂಮಿಗೂ ಹೆಸರಿನ ಸಂಬಂಧ ಮಾತ್ರ ಮಾರಾಯ್ರೆ.

ಎರಡನೇ ಪ್ರಶ್ನೆಗೆ ಉತ್ತರ ಒಂದೇ ಶಬ್ದ. ಕಳ್ಳಭಟ್ಟಿ. ಹಳೇಗೇರ್ ಅವರು ಹೇಳಲಿ, ಇದನ್ನು ಬೇಕೆಂದೇ ಬಿಟ್ಟಿದ್ದಾರೆ ಅನ್ನಿಸುತ್ತದೆ.

ಹಳೇಗೇರ್

ಬಿಟ್ಟಿರಲಿಲ್ಲ, ಉಳಿಸಿಕೊಂಡಿದ್ದೆ. 😄

ವಿಲ್ಕ್ಸ್ ಕೌಂಟಿಗೆ "ಜಗತ್ತಿನ ಕಳ್ಳಭಟ್ಟಿ ರಾಜಧಾನಿ" ಅನ್ನುವ ಬಿರುದೇ ಇತ್ತು. ಬೆಟ್ಟದ ಸಂದು, ಹರಿಯುವ ತಣ್ಣೀರು, ಮನೆಮನೆಯಲ್ಲಿ ಮೆಕ್ಕೆಜೋಳ. ಜೋಳವನ್ನು ಜೋಳವಾಗಿ ಮಾರಿದರೆ ಗಾಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಸಾರಾಯಿ ಮಾಡಿದರೆ ದುಡ್ಡು. 1933ರಲ್ಲಿ ಅಮೆರಿಕದ ಪಾನನಿಷೇಧ ಹೋಯಿತು, ಭಟ್ಟಿ ಮಾತ್ರ ಹೋಗಲಿಲ್ಲ. ಸರ್ಕಾರಕ್ಕೆ ತೆರಿಗೆ ಕಟ್ಟದೆ ಕಾಯಿಸುವುದೇ ಅಪರಾಧವಾಗಿತ್ತು. ಹಾಗಾಗಿ ಹಿಡಿಯಲು ಬರುತ್ತಿದ್ದವರು ತೆರಿಗೆ ಇಲಾಖೆಯ ಪೊಲೀಸರು. ನಮ್ಮ ಅಬಕಾರಿಯವರು ಅಂತಿಟ್ಟುಕೊಳ್ಳಿ.

ರಾತ್ರಿ ಭಟ್ಟಿಯಿಂದ ಮಾಲು ತುಂಬಿಕೊಂಡು ದೊಡ್ಡ ಊರುಗಳಿಗೆ ಸಾಗಿಸಬೇಕು. ಹಿಂದೆ ಅಬಕಾರಿ ಕಾರು. ಮಣ್ಣಿನ ಘಾಟಿ ರಸ್ತೆ, ಬೇಕಾದರೆ ದೀಪ ಆರಿಸಿ ಓಡಿಸಬೇಕು. ಈ ಹುಡುಗರು ಹಗಲಲ್ಲಿ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ? "ನನ್ನ ಕಾರು ನಿನ್ನದಕ್ಕಿಂತ ಜೋರು." ಆ ಮಾತಿಗೆ ಒಂದು ಜಾಗ ಬೇಕಿತ್ತು. ಸ್ಟೇಲಿ ಜಾಗ ಕೊಟ್ಟು, ಸುತ್ತ ಬೇಲಿ ಹಾಕಿ ಟಿಕೆಟ್ ಇಟ್ಟರು.

ಆ ಊರಿನ ಹುಡುಗನೇ ಜೂನಿಯರ್ ಜಾನ್ಸನ್. 1931ರಲ್ಲಿ ಹುಟ್ಟಿದವನು. ಒಂದು ದಿನ ಹೇಸರಗತ್ತೆ ಕಟ್ಟಿ ಹೊಲ ಉಳುತ್ತಿದ್ದ, ಕಾಲಲ್ಲಿ ಚಪ್ಪಲಿಯೂ ಇಲ್ಲ. ಅಣ್ಣ ಬಂದು "ರೇಸ್ ಇದೆ, ನನ್ನ ಕಾರು ಓಡಿಸ್ತೀಯಾ?" ಅಂದ. ನೇಗಿಲು ಅಲ್ಲೇ ಬಿಟ್ಟು ಹೋದವನು ಎರಡನೆಯವನಾಗಿ ಬಂದ. ಆ ಟ್ರ್ಯಾಕ್ ಇದೇ ನಾರ್ತ್ ವಿಲ್ಕ್ಸ್‌ಬರೊ.

ರಸ್ತೆಯಲ್ಲಿ ಅವನನ್ನು ಯಾವ ಪೊಲೀಸರೂ ಹಿಡಿಯಲಿಲ್ಲ. 1956ರಲ್ಲಿ ಸಿಕ್ಕಿಬಿದ್ದದ್ದು ಅಪ್ಪನ ಭಟ್ಟಿಯ ಹತ್ತಿರ, ನಡೆದುಕೊಂಡು ಹೋಗಿದ್ದಾಗ! ಓಹಾಯೊದ ಜೈಲಲ್ಲಿ 11 ತಿಂಗಳು. ಹೊರಗೆ ಬಂದು ಮತ್ತೆ ರೇಸ್ ಓಡಿಸಿದ, ನಾಸ್ಕಾರ್‌ನ ಅತಿ ದೊಡ್ಡ ರೇಸ್ ಡೇಟೋನಾ 500 ಅನ್ನು 1960ರಲ್ಲಿ ಗೆದ್ದ, ಒಟ್ಟು 50 ಗೆಲುವು. ಆಮೇಲೆ ತಂಡದ ಮಾಲೀಕನಾಗಿ ಆರು ಚಾಂಪಿಯನ್‌ಷಿಪ್. 1986ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು.

ಗ್ಯಾರೇಜ್ ಪುತ್ತೂರು

ನನಗೆ ಈ ಕಥೆಯಲ್ಲಿ ಇಷ್ಟ ಸ್ಪ್ರಿಂಗ್ ವಿಷಯ. ಸ್ವಲ್ಪ ಬರೆಯುತ್ತೇನೆ, ಬೇಸರ ಬೇಡ.

1940ರ ಫೋರ್ಡ್ ಕೂಪೆ. ಫ್ಲ್ಯಾಟ್‌ಹೆಡ್ ವಿ8 ಎಂಜಿನ್. ಹಿಂದಿನ ಸೀಟು ಕಿತ್ತು ನೂರು ಗ್ಯಾಲನ್ ಸಾರಾಯಿ ತುಂಬಿದರೆ ಎಷ್ಟು ತೂಕ? ಹತ್ತಿರ ಹತ್ತಿರ 350 ಕಿಲೋ, ಡಬ್ಬಿಯ ತೂಕ ಬೇರೆ. ಕಾರಿನ ಹಿಂಭಾಗ ನೆಲಕ್ಕೆ ಕೂತುಬಿಡುತ್ತದೆ. ದೂರದಿಂದಲೇ ಪೊಲೀಸರಿಗೆ ಗೊತ್ತಾಗುತ್ತದೆ, ಇದರಲ್ಲಿ ಮಾಲಿದೆ ಅಂತ. ಅದಕ್ಕೆ ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕುತ್ತಿದ್ದರು. ಮಾಲು ತುಂಬಿದಾಗ ಕಾರು ಸಪಾಟಾಗಿ ಸಾಧುವಾಗಿ ಕಾಣುತ್ತದೆ. ಖಾಲಿ ಬರುವಾಗ ಬಾಲ ಎತ್ತಿದ ಬೆಕ್ಕಿನ ಹಾಗೆ!

ತಮಾಷೆ ಏನೆಂದರೆ, ಅದೇ ಗಟ್ಟಿ ಸ್ಪ್ರಿಂಗ್ ತಿರುವಿನಲ್ಲೂ ಒಳ್ಳೇದು, ಕಾರು ವಾಲುವುದಿಲ್ಲ. 1949ರ ಜೂನ್ 19ಕ್ಕೆ ಷಾರ್ಲಟ್‌ನಲ್ಲಿ ನಾಸ್ಕಾರ್‌ನ ದೊಡ್ಡ ಸರಣಿಯ ಮೊಟ್ಟಮೊದಲ ರೇಸ್. ಮೊದಲು ಗೆರೆ ದಾಟಿದವನು ಗ್ಲೆನ್ ಡನವೇ. ರೇಸ್ ಮುಗಿದ ಮೇಲೆ ಕಾರಿನ ಅಡಿ ನೋಡಿದರು. ಹಿಂದಿನ ಸ್ಪ್ರಿಂಗ್ ಕಳ್ಳಭಟ್ಟಿ ಸ್ಪ್ರಿಂಗ್! ಗೆಲುವು ಕಿತ್ತು ಜಿಮ್ ರೋಪರ್‌ಗೆ ಕೊಟ್ಟರು. ಕಾರಿನ ಮಾಲೀಕ ಕೋರ್ಟಿಗೆ ಹೋದ, ಕೇಸ್ ಬಿದ್ದುಹೋಯಿತು. ಅಂದರೆ ಆ ಸರಣಿಯ ಮೊದಲ ರೇಸ್‌ನ ಮೊದಲ ವಿವಾದವೇ ಸಾರಾಯಿ ಸಾಗಿಸುವ ಕಾರಿನದ್ದು.

ರಿಗ್‌ಹುಡುಗ

ಈ ಟ್ರ್ಯಾಕನ್ನು ನಾನು ಸಾವಿರ ಸುತ್ತಾದರೂ ಓಡಿಸಿದ್ದೇನೆ. ವಿಜಯನಗರದ ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಕೂತು. 🙂 ಐರೇಸಿಂಗ್ ಅನ್ನುವ ಸಿಮ್ಯುಲೇಟರ್ ಇದೆ, ಅದರಲ್ಲಿ.

ಇಳಿಜಾರು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ. ಮುಂದಿನ ನೇರದಲ್ಲಿ ಇಳಿಯುತ್ತಾ ವೇಗ ಜಾಸ್ತಿಯಾಗಿ ಒಂದನೇ ತಿರುವಿಗೆ ಬರುತ್ತೀರಿ. ಬ್ರೇಕ್ ಒಂಚೂರು ತಡವಾದರೆ ಮುಂದಿನ ಟೈರ್ ಜಾರಿ ಸೀದಾ ಗೋಡೆ ಕಡೆ. ಎರಡನೇ ತಿರುವಿನಿಂದ ಆಚೆ ಏರು. ಆತುರಪಟ್ಟು ಆಕ್ಸಿಲರೇಟರ್ ತುಳಿದರೆ ಹಿಂದಿನ ಟೈರ್ ಸುಮ್ನೆ ಸುತ್ತುತ್ತದೆ. ಮೂರರಲ್ಲಿ ಬೇರೆಯೇ ಜಾಗದಲ್ಲಿ ಬ್ರೇಕ್, ಏಕೆಂದರೆ ಏರಿನಿಂದ ಬಂದಿರುತ್ತೀರಿ. ಎಡಕ್ಕೆ ಮಾತ್ರ ತಿರುಗಿಸುವುದು ನಿಜ. ಆದರೆ ಒಂದು ಕಿಲೋಮೀಟರ್‌ನಲ್ಲಿ ನಾಲ್ಕು ತಿರುವು ನಾಲ್ಕು ಥರ.

ಮೊದಲ ಸಲ ಓಡಿಸಿದಾಗ 11ನೇ ಸುತ್ತಿನಲ್ಲೇ ಟೈರ್ ಮುಗಿಸಿಕೊಂಡಿದ್ದೆ.

ಮೂರನೇ ತಿರುವು

ನಾನು 1980ರ ದಶಕದಿಂದ ವಿನ್ಸ್ಟನ್-ಸೇಲಂನಲ್ಲಿದ್ದೇನೆ, ಮೂಲ ಮೈಸೂರು. 1996ರ ಆ ಕೊನೆಯ ರೇಸ್‌ಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಕರೆದುಕೊಂಡು ಹೋಗಿದ್ದರು. ನನಗೆ ಆಗ ರೇಸ್ ಗೀಸ್ ಏನೂ ಗೊತ್ತಿಲ್ಲ. ಬುತ್ತಿಗೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಪಕ್ಕದವರು ಕೋಳಿ ಕೊಟ್ಟರು, ನಾನು ಚಿತ್ರಾನ್ನ ಕೊಟ್ಟೆ. ಅಲ್ಲಿ ಕೋಳಿಗೆ ಬರವಿಲ್ಲ. ಹಾಲಿ ಫಾರ್ಮ್ಸ್ ಅನ್ನುವ ಕೋಳಿ ಕಂಪನಿಯ ಊರು ಅದು, ರೇಸ್‌ನ ಹೆಸರಲ್ಲೇ ಕೋಳಿ ಕಂಪನಿ ಇತ್ತು.

ಶಬ್ದ ಹೇಗಿತ್ತು ಅಂದರೆ, ಎದೆಗೂಡಿನ ಒಳಗೆ ಯಾರೋ ರಾಗಿ ಬೀಸಿದ ಹಾಗೆ. ಗೆದ್ದ ಕಾರನ್ನು ಟ್ರ್ಯಾಕ್ ನಡುವಿನ ಕಟ್ಟಡದ ಮೇಲಕ್ಕೆ ಲಿಫ್ಟಲ್ಲಿ ಎತ್ತುತ್ತಿದ್ದರು. ಕಾರಿನ ಸಮೇತ ಚಾಲಕ ಮೇಲೆ ಹೋಗುತ್ತಾನೆ, ಎಲ್ಲರಿಗೂ ಕಾಣಲಿ ಅಂತ. ನಾನು ಅದನ್ನು ನೋಡಿ ಜೋರಾಗಿ ನಕ್ಕುಬಿಟ್ಟೆ. ಸುತ್ತ ನೋಡಿದರೆ ಯಾರೂ ನಗುತ್ತಿಲ್ಲ. ನನ್ನ ಗೆಳೆಯರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಅವರು ಹುಡುಗನಾಗಿದ್ದಾಗಿಂದ ಅಪ್ಪನ ಜೊತೆ ಬರುತ್ತಿದ್ದ ಜಾಗ ಅದು. ಇದೇ ಕೊನೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು.

ರೇಸ್ ಮುಗಿದ ಮೇಲೂ ತುಂಬಾ ಹೊತ್ತು ಜನ ಏಳಲಿಲ್ಲ. ನಮ್ಮ ಕಾರು ನಿಲ್ಲಿಸಿದ್ದ ಹುಲ್ಲುಗಾವಲಿನಿಂದ ಹೊರಗೆ ಬರಲು ಎರಡೂವರೆ ಗಂಟೆ ಹಿಡಿಯಿತು, ಅದು ಬೇರೆ ಮಾತು.

ಧಾರವಾಡದ ಲೆಕ್ಕಿಗ

ಎಲ್ಲರೂ ಕಣ್ಣೀರು ಹಾಕುತ್ತಿದ್ದೀರಿ, ಯಾರೂ ಲೆಕ್ಕ ಬರೆಯಲಿಲ್ಲ. ನಾನು ಬರೆಯುತ್ತೇನೆ, ಬೈಯ್ಯಬೇಡಿ.

1995ರ ಮೇನಲ್ಲಿ ಇನೊಕ್ ಸ್ಟೇಲಿ ತೀರಿಕೊಂಡರು. ಟ್ರ್ಯಾಕ್‌ನ ಅರ್ಧ ಪಾಲು ಸ್ಟೇಲಿ ಮನೆಯದು, ಇನ್ನರ್ಧ ಕೂಂಬ್ಸ್ ಮನೆಯದು. ಕೆಲವೇ ವಾರದಲ್ಲಿ ಕೂಂಬ್ಸ್ ಪಾಲನ್ನು ಬ್ರೂಟನ್ ಸ್ಮಿತ್ ಕೊಂಡರು. 1996 ಹುಟ್ಟುವಷ್ಟರಲ್ಲಿ ಸ್ಟೇಲಿ ಪಾಲನ್ನು ಬಾಬ್ ಬಾಹ್ರೆ ಕೊಂಡರು. ಸ್ಮಿತ್ ಆಗ ಟೆಕ್ಸಾಸ್‌ನಲ್ಲಿ ಒಂದೂವರೆ ಲಕ್ಷ ಸೀಟಿನ ಹೊಸ ಟ್ರ್ಯಾಕ್ ಕಟ್ಟಿಸುತ್ತಿದ್ದರು. ಬಾಹ್ರೆ ನ್ಯೂ ಹ್ಯಾಂಪ್‌ಷೈರ್ ಟ್ರ್ಯಾಕ್‌ನ ಮಾಲೀಕ. ಇಬ್ಬರಿಗೂ ಬೇಕಿದ್ದದ್ದು ಒಂದೇ, ನಾಸ್ಕಾರ್ ರೇಸ್‌ನ ದಿನಾಂಕ. ವರ್ಷಕ್ಕೆ ಇಷ್ಟೇ ರೇಸ್ ಅಂತ ನಾಸ್ಕಾರ್ ಕಟ್ಟುನಿಟ್ಟು. ಹೊಸಬರಿಗೆ ದಿನಾಂಕ ಸಿಗುವುದಿಲ್ಲ. ಯಾರ ಹತ್ತಿರ ಇದೆಯೋ ಅವರನ್ನೇ ಕೊಳ್ಳಬೇಕು. ನಾರ್ತ್ ವಿಲ್ಕ್ಸ್‌ಬರೊ ಹತ್ತಿರ ಎರಡಿದ್ದವು. 1997ರಲ್ಲಿ ಒಂದು ಟೆಕ್ಸಾಸ್‌ಗೆ ಹೋಯಿತು, ಇನ್ನೊಂದು ನ್ಯೂ ಹ್ಯಾಂಪ್‌ಷೈರ್‌ಗೆ.

ಬಸ್ ಪರ್ಮಿಟ್ ಕೊಳ್ಳಲು ಹಳೇ ಬಸ್ಸನ್ನೇ ಕೊಂಡು, ಪರ್ಮಿಟ್ ತೆಗೆದುಕೊಂಡು ಬಸ್ಸನ್ನು ಷೆಡ್‌ಗೆ ತಳ್ಳುತ್ತಾರಲ್ಲ, ಅದೇ.

ಆದರೆ ಮಾರಿದ್ದು ಯಾರು? ಎರಡೂ ಮನೆಯವರೇ. ಟಿಕೆಟ್ ದರ ಏರಿಸಲಿಲ್ಲ, ಗ್ಯಾಲರಿ ಹಳೆಯದೇ ಉಳಿಯಿತು, ಡಾಂಬರನ್ನು 1981ರ ನಂತರ ಹೊಸದಾಗಿ ಹಾಕಲಿಲ್ಲ. ಟಿವಿ ದುಡ್ಡು ಸುರಿಯುತ್ತಿದ್ದ ಕಾಲದಲ್ಲಿ "ನಮ್ಮ ಜನ ಬರ್ತಾರೆ ಬಿಡು" ಅಂತ ಕೂತರೆ ಹೀಗೇ ಆಗುವುದು. ಭಾವನೆ ಬೇರೆ, ವ್ಯಾಪಾರ ಬೇರೆ.

ಹಳೇಗೇರ್

ಪರ್ಮಿಟ್ ಉದಾಹರಣೆ ಸರಿಯಾಗಿದೆ ಲೆಕ್ಕಿಗರೇ. ಅಜ್ಜ ಹೇಳಿದ ಕ್ಯಾಲೆಂಡರ್ ಮಾತು ಅದೇ.

ಆದರೆ "ಊರಿನವರೇ ಕೆಡಿಸಿಕೊಂಡರು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಟಿಕೆಟ್ ದರ ಏರಿಸದೆ ಇದ್ದದ್ದು ಸೋಮಾರಿತನ ಅಲ್ಲ, ಸ್ಟೇಲಿಯವರ ಬಗೆಯೇ ಅದು. ಕೋಳಿ ಕಾರ್ಖಾನೆಯಲ್ಲಿ ದುಡಿಯುವವನು ಮಕ್ಕಳ ಜೊತೆ ಬರಬೇಕು, ಅಷ್ಟೇ ಅವರ ಲೆಕ್ಕ. ನಾಸ್ಕಾರ್ ಹುಟ್ಟುಹಾಕಿದ ಬಿಲ್ ಫ್ರಾನ್ಸ್ ಮತ್ತು ಸ್ಟೇಲಿ ಹಳೇ ಗೆಳೆಯರು. ಕೈ ಕುಲುಕಿದರೆ ಮಾತು ಮುಗಿದ ಹಾಗೆ ಅನ್ನುವ ಕಾಲದವರು. ಆ ಕೈಗಳು ಹೋದ ಮೇಲೆ ಕಾಗದ ಉಳಿಯಿತು.

ಇನ್ನೊಂದು. ಬದಲಾವಣೆ ಶುರುವಾದದ್ದು 1995ರಲ್ಲಿ ಅಲ್ಲ. ತುಂಬಾ ಹಿಂದೆ, 1971ರಲ್ಲಿ. ತಂಬಾಕು ಕಂಪನಿ ಆರ್. ಜೆ. ರೆನಾಲ್ಡ್ಸ್ ಸರಣಿಗೆ ದುಡ್ಡು ಹಾಕಲು ಬಂತು. ಅವರ ಬಾಗಿಲು ತಟ್ಟಿದವನು ಯಾರು ಗೊತ್ತಾ? ನಮ್ಮ ಜೂನಿಯರ್ ಜಾನ್ಸನ್! ತನ್ನ ಒಂದು ಕಾರಿಗೆ ಪ್ರಾಯೋಜಕರು ಬೇಕು ಅಂತ ಹೋಗಿದ್ದ. ಅವರ ಹತ್ತಿರ ಇದ್ದ ದುಡ್ಡು ಒಂದು ಕಾರಿಗೆ ತೀರಾ ಜಾಸ್ತಿ. ಇಡೀ ಸರಣಿಗೇ ಹಾಕಿದರು. ಮರುವರ್ಷ 48 ರೇಸ್ ಇದ್ದದ್ದು 31ಕ್ಕೆ ಇಳಿಯಿತು. 250 ಮೈಲಿಗಿಂತ ಕಡಿಮೆಯ ರೇಸ್‌ಗಳನ್ನು ಕೈಬಿಟ್ಟರು. ಸಣ್ಣ ಊರುಗಳ ಪುಟ್ಟ ಟ್ರ್ಯಾಕ್‌ಗಳು ಹೋದದ್ದು ಆಗಲೇ. ನಾರ್ತ್ ವಿಲ್ಕ್ಸ್‌ಬರೊ ಬಚಾವಾಯಿತು. 400 ಸುತ್ತು ಗುಣಿಸು 0.625, ಸರಿಯಾಗಿ 250 ಮೈಲಿ!

ಊರಿನ ಹುಡುಗನೇ ತಂದ ದುಡ್ಡು ಕೊನೆಗೆ ಊರಿನ ಟ್ರ್ಯಾಕನ್ನೇ ಸಣ್ಣದಾಗಿಸಿತು. ಇದಕ್ಕೆ ಯಾರನ್ನು ಬೈಯುವುದು?

ಧಾರವಾಡದ ಲೆಕ್ಕಿಗ

ಸರಿ, ಅರ್ಧ ಒಪ್ಪಿದೆ. ಆದರೆ ಪೂರ್ತಿ ಮಾತು ಕೇಳಿ. ಅದೇ ರಾಜ್ಯದಲ್ಲಿ ಹಿಕರಿ ಟ್ರ್ಯಾಕ್ ಇದೆ, 1951ರಿಂದ. ವಿನ್ಸ್ಟನ್-ಸೇಲಂನಲ್ಲಿ ಬೋಮನ್ ಗ್ರೇ ಇದೆ, 1949ರಿಂದ ನಾಸ್ಕಾರ್ ರೇಸ್ ನಡೆಯುತ್ತಿದೆ, ಈಗಲೂ ಶನಿವಾರ ಶನಿವಾರ. ಅವು ಯಾಕೆ ಸಾಯಲಿಲ್ಲ? 1970ರ ಆಸುಪಾಸಿನಲ್ಲೇ ದೊಡ್ಡ ಸರಣಿ ಅವುಗಳ ಕೈಬಿಟ್ಟಿತು. ವಾರದ ಸಂತೆ ನಂಬಿ ಬದುಕಿದವು. ನಾರ್ತ್ ವಿಲ್ಕ್ಸ್‌ಬರೊ ವರ್ಷಕ್ಕೆರಡು ಜಾತ್ರೆ ನಂಬಿತು. ಜಾತ್ರೆಯನ್ನೇ ಬೇರೆ ಊರಿಗೆ ಎತ್ತಿಕೊಂಡು ಹೋದರು.

ಮೂರನೇ ತಿರುವು

ಬೋಮನ್ ಗ್ರೇ ನಮ್ಮ ಮನೆಯಿಂದ ಹತ್ತು ನಿಮಿಷ. ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿ ಟ್ರ್ಯಾಕ್. ಅಲ್ಲಿ ರೇಸ್‌ಗಿಂತ ಜಗಳ ಜಾಸ್ತಿ, ಜನ ಬರುವುದೂ ಅದಕ್ಕೇ. ಲೆಕ್ಕಿಗರ ಮಾತು ನಿಜ. ಅಲ್ಲಿ ಓಡಿಸುವವನು ಸೋಮವಾರ ನಿಮ್ಮ ಮನೆಯ ನಲ್ಲಿ ರಿಪೇರಿಗೆ ಬರುತ್ತಾನೆ. ಅಂಥ ಟ್ರ್ಯಾಕನ್ನು ಕೊಂಡು ಯಾರೂ ಟೆಕ್ಸಾಸ್‌ಗೆ ಸಾಗಿಸಲಾರರು.

ಗ್ಯಾರೇಜ್ ಪುತ್ತೂರು

ಲೆಕ್ಕದ ಜಗಳದಲ್ಲಿ ಒಳ್ಳೇ ರೇಸ್‌ಗಳ ಮಾತೇ ಬರಲಿಲ್ಲ. ನನಗೆ ಗೊತ್ತಿರುವ ಒಂದೆರಡು ಹೇಳುತ್ತೇನೆ.

1967ರಲ್ಲಿ ರಿಚರ್ಡ್ ಪೆಟಿ ಸಾಲಾಗಿ ಹತ್ತು ರೇಸ್ ಗೆದ್ದರು. ಹತ್ತನೆಯದು ಇಲ್ಲೇ, ಅಕ್ಟೋಬರ್ 1ಕ್ಕೆ. ಈ ಟ್ರ್ಯಾಕ್ ಒಂದರಲ್ಲೇ ಅವರದು 15 ಗೆಲುವು. 1989ರ ಅಕ್ಟೋಬರ್‌ನಲ್ಲಿ ಕೊನೇ ಸುತ್ತು, ಡೇಲ್ ಅರ್ನ್‌ಹಾರ್ಟ್ ಮತ್ತು ರಿಕಿ ರಡ್ ಒಂದನೇ ತಿರುವಿನಲ್ಲಿ ಒಬ್ಬರನ್ನೊಬ್ಬರು ಗುದ್ದಿ ತಿರುಗಿ ನಿಂತರು. ಹಿಂದಿನಿಂದ ಜೆಫ್ ಬೊಡೈನ್ ಬಂದು ಗೆದ್ದುಬಿಟ್ಟ. ಆ ವರ್ಷ ಅರ್ನ್‌ಹಾರ್ಟ್ ಚಾಂಪಿಯನ್‌ಷಿಪ್ ಕಳಕೊಂಡದ್ದು ಬರೀ 12 ಅಂಕದಿಂದ! ಮರುವರ್ಷ ಇದೇ ಟ್ರ್ಯಾಕ್‌ನಲ್ಲಿ ಪೇಸ್ ಕಾರು (ಅಪಘಾತವಾದಾಗ ಎಲ್ಲರನ್ನೂ ನಿಧಾನಿಸಲು ಮುಂದೆ ಓಡುವ ಕಾರು) ತಪ್ಪು ಕಾರಿನ ಮುಂದೆ ಹೋಗಿ ಲೆಕ್ಕವೆಲ್ಲ ಕಲಸಿಹೋಯಿತು. ಜೆಫ್‌ನ ತಮ್ಮ ಬ್ರೆಟ್ ಗೆದ್ದ. ದೊಡ್ಡ ಸರಣಿಯಲ್ಲಿ ಅವನ ಒಂದೇ ಗೆಲುವು ಅದು. ಡಾರೆಲ್ ವಾಲ್ಟ್ರಿಪ್ ಪ್ರಕಾರ ಗೆದ್ದದ್ದು ತಾನು.

ನನ್ನ ಹೊಟ್ಟೆ ಉರಿಯುವುದು ಮಾತ್ರ 1991ಕ್ಕೆ. ಹ್ಯಾರಿ ಗ್ಯಾಂಟ್. ವಯಸ್ಸು 51, ಪಕ್ಕದ ಕೌಂಟಿಯವನೇ. ಆ ಸೆಪ್ಟೆಂಬರ್‌ನಲ್ಲಿ ಸಾಲಾಗಿ ನಾಲ್ಕು ರೇಸ್ ಗೆದ್ದು ಇಲ್ಲಿಗೆ ಬಂದ. ಐದನೆಯದೂ ಅವನದ್ದೇ ಅಂತ ಎಲ್ಲರೂ ಅಂದುಕೊಂಡಿದ್ದರು. 400ರಲ್ಲಿ 350 ಸುತ್ತು ಮುಂದಿದ್ದ. ಇನ್ನು ಒಂಬತ್ತೇ ಸುತ್ತು ಇದೆ ಅನ್ನುವಾಗ ಅರ್ನ್‌ಹಾರ್ಟ್ ದಾಟಿಹೋದ. ಯಾಕೆ? ಬ್ರೇಕ್‌ನ ಒಂದು ಓ-ರಿಂಗ್ ಹೋಗಿತ್ತು. ರಬ್ಬರ್ ಬಳೆ, ಹತ್ತು ಸೆಂಟಿನದ್ದು ಅಂತ ಹೇಳುತ್ತಾರೆ. ನಮ್ಮ ಗ್ಯಾರೇಜಲ್ಲಿ ಅಂಥದ್ದು ಒಂದು ಡಬ್ಬಿ ತುಂಬ ಇದೆ. ಹುಡುಗರು ಹಳೆಯದನ್ನೇ ಒರೆಸಿ ಹಾಕಲು ಹೊರಟರೆ ಈ ಕಥೆ ಹೇಳಿ ಬೈಯುತ್ತೇನೆ.

ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಒಂದನೇ ತಿರುವಿಗೆ ಹೋಗುವುದು ಹೇಗಿರಬೇಕು, ರಿಗ್‌ಹುಡುಗ ಹೇಳಲಿ.

ರಿಗ್‌ಹುಡುಗ

ಗೋಡೆ ಅಣ್ಣ. ನೇರ ಗೋಡೆ. ಅವನು ಎರಡನೇ ಸ್ಥಾನ ಉಳಿಸಿಕೊಂಡದ್ದೇ ದೊಡ್ಡದು.

ಸುಧಾ ಕೇಳ್ತಾರೆ

ಹುಲ್ಲು ಬೆಳೆದ ಟ್ರ್ಯಾಕ್ ಮತ್ತೆ ಹೇಗೆ ಎದ್ದಿತು? ಅದನ್ನು ಯಾರೂ ಹೇಳಲಿಲ್ಲ.

ರಿಗ್‌ಹುಡುಗ

ಇದು ನನ್ನ ಪಾಲು, ನಾನೇ ಬರೆಯುತ್ತೇನೆ.

ಇಬ್ಬರು ಮಾಲೀಕರಲ್ಲಿ ಅರ್ಧರ್ಧ ಇದ್ದದ್ದರಿಂದ ಹತ್ತು ಹನ್ನೊಂದು ವರ್ಷ ಏನೂ ಅಲುಗಲಿಲ್ಲ. 2007ರ ಕೊನೆಯಲ್ಲಿ ಬಾಹ್ರೆ ತಮ್ಮ ನ್ಯೂ ಹ್ಯಾಂಪ್‌ಷೈರ್ ಟ್ರ್ಯಾಕನ್ನು ಸ್ಮಿತ್‌ಗೆ ಮಾರಿದರು, ಈ ಅರ್ಧವೂ ಸ್ಮಿತ್ ಕೈಗೆ ಬಂತು. 2010ರಲ್ಲಿ ಬೇರೆಯವರು ಬಾಡಿಗೆಗೆ ಪಡೆದು ಕೆಲವು ಸಣ್ಣ ರೇಸ್ ನಡೆಸಿದರು, ಮರುವರ್ಷವೇ ಮತ್ತೆ ಮುಚ್ಚಿತು.

2019ರ ಡಿಸೆಂಬರ್‌ನಲ್ಲಿ ಡೇಲ್ ಅರ್ನ್‌ಹಾರ್ಟ್ ಜೂನಿಯರ್ (1989ರಲ್ಲಿ ಗುದ್ದಾಡಿದ ಅರ್ನ್‌ಹಾರ್ಟ್‌ನ ಮಗ) ಒಂದಷ್ಟು ಜನರನ್ನು ಕಟ್ಟಿಕೊಂಡು ಟ್ರ್ಯಾಕ್‌ಗೆ ಹೋದ. ರೇಸ್ ನಡೆಸಲು ಅಲ್ಲ, ಕಳೆ ಕೀಳಲು! ಐರೇಸಿಂಗ್‌ನವರು ಟ್ರ್ಯಾಕನ್ನು ಲೇಸರ್‌ನಲ್ಲಿ ಅಳೆದು ಕಂಪ್ಯೂಟರಿನಲ್ಲಿ ಕಟ್ಟಬೇಕಿತ್ತು. ಹುಲ್ಲಿದ್ದರೆ ಲೇಸರ್‌ಗೆ ಡಾಂಬರಿನ ಬಿರುಕು ಸರಿಯಾಗಿ ಸಿಗುವುದಿಲ್ಲ. ಆಗಿನ ಆಸೆ ಇಷ್ಟೇ: ಟ್ರ್ಯಾಕ್ ಹೇಗೂ ಹಾಳಾಗುತ್ತಿದೆ, ಅದರ ಅಚ್ಚಾದರೂ ಉಳಿಯಲಿ.

ಮೂರು ತಿಂಗಳಲ್ಲಿ ಕೊರೊನಾ ಬಂತು. ನಿಜವಾದ ರೇಸ್‌ಗಳೆಲ್ಲ ನಿಂತವು. ನಾಸ್ಕಾರ್ ಚಾಲಕರು ಮನೆಯಲ್ಲಿ ಕೂತು ಸಿಮ್ಯುಲೇಟರಲ್ಲಿ ಓಡಿಸಿದರು, ಟಿವಿಯಲ್ಲಿ ನೇರ ಪ್ರಸಾರ. 2020ರ ಮೇ 9ರ ರೇಸ್ ನಾರ್ತ್ ವಿಲ್ಕ್ಸ್‌ಬರೊದಲ್ಲಿ. ಗೆದ್ದದ್ದು ಡೆನಿ ಹ್ಯಾಮ್ಲಿನ್. 24 ವರ್ಷ ಆದ ಮೇಲೆ ಆ ಟ್ರ್ಯಾಕ್ ಟಿವಿಗೆ ಬಂತು, ಅದೂ ಇಲ್ಲದ ಟ್ರ್ಯಾಕ್ ಆಗಿ. ಜನಕ್ಕೆ ಹುಚ್ಚು ಹಿಡಿಯಿತು. ನನಗೂ ಆಗಲೇ ಹಿಡಿದದ್ದು. ಪಿಯುಸಿ ಪರೀಕ್ಷೆ ಮುಂದೆ ಹೋಗಿತ್ತು, ಬೇರೆ ಕೆಲಸ ಇರಲಿಲ್ಲ.

ಹಳೇಗೇರ್

ಮುಂದಿನದು ನಾನು ಮುಗಿಸುತ್ತೇನೆ. 2021ರ ನವೆಂಬರ್‌ನಲ್ಲಿ ರಾಜ್ಯದ ಬಜೆಟ್‌ನಲ್ಲಿ ಈ ಟ್ರ್ಯಾಕ್‌ಗೆ 1.8 ಕೋಟಿ ಡಾಲರ್ ಇಟ್ಟರು. ಕೊರೊನಾ ಪರಿಹಾರಕ್ಕೆ ಅಂತ ಕೇಂದ್ರ ಕೊಟ್ಟ ದುಡ್ಡಿನಿಂದ. ಇದು ಸರಿಯೇ ತಪ್ಪೇ ಅಂತ ಲೆಕ್ಕಿಗರು ಬೇರೆ ಎಳೆ ಶುರು ಮಾಡಬಹುದು. ಕೆಲಸ ಕೈಗೆತ್ತಿಕೊಂಡದ್ದು ಬ್ರೂಟನ್ ಸ್ಮಿತ್ ಅವರ ಮಗ ಮಾರ್ಕಸ್ ಸ್ಮಿತ್. ಅಪ್ಪ ಬೀಗ ಹಾಕಿದ ಗೇಟನ್ನು ಮಗ ತೆಗೆದ. ಅಪ್ಪ 2022ರ ಜೂನ್‌ನಲ್ಲಿ ತೀರಿಕೊಂಡರು, ಆಗಸ್ಟ್‌ನಲ್ಲಿ ಗೇಟ್ ತೆರೆಯಿತು. ಆಗಸ್ಟ್ 31ರ ರಾತ್ರಿ ರೇಸ್‌ನಲ್ಲಿ ಡೇಲ್ ಜೂನಿಯರ್ ತಾನೇ ಓಡಿಸಿ ಮೂರನೆಯವನಾದ. ಮರುವರ್ಷ ಮೇ 21ಕ್ಕೆ ಆಲ್‌ಸ್ಟಾರ್. ಕೈಲ್ ಲಾರ್ಸನ್ ಗೆದ್ದು ಹತ್ತು ಲಕ್ಷ ಡಾಲರ್ ಎತ್ತಿಕೊಂಡ. ಆ ಓಟ ನಡೆದದ್ದೂ 1981ರ ಅದೇ ಡಾಂಬರಿನ ಮೇಲೆ, ತೇಪೆ ಹಾಕಿ. ಆಮೇಲೆ ಹೊಸದು ಹಾಕಿದರು.

ಹಳೇ ಸಿಗರೇಟ್ ಜಾಹೀರಾತಿನ ಮಾಸಿದ ಕೆಂಪು ಬಣ್ಣವನ್ನು ಹಾಗೇ ಬಿಟ್ಟಿದ್ದಾರೆ, ಅದು ನನಗೆ ಇಷ್ಟವಾಯಿತು. ಸುಣ್ಣ ಬಳಿದಿದ್ದರೆ ಕೆಡುತ್ತಿತ್ತು.

2024ರಲ್ಲಿ ಇನ್ನೊಂದು ತಮಾಷೆ. ಗ್ಯಾಲರಿಯ ಕಾಂಕ್ರೀಟ್ ಬಿರುಕು ಬಿಟ್ಟಿದೆ ಅಂತ ಕೆಳಗೆ ಅಗೆದು ನೋಡಿದರೆ, 700 ಚದರ ಅಡಿಯಷ್ಟು ದೊಡ್ಡ ಪೊಳ್ಳು ಜಾಗ! ಕಳ್ಳಭಟ್ಟಿ ಗುಹೆ ಸಿಕ್ಕಿತು ಅಂತ ಊರೆಲ್ಲ ಸುದ್ದಿ. ಒಳಗೆ ಭಟ್ಟಿ ಮಾತ್ರ ಸಿಗಲಿಲ್ಲ.

ಗ್ಯಾರೇಜ್ ಪುತ್ತೂರು

ಸಿಗುತ್ತದಾ? ಗೊತ್ತಿದ್ದವರು ತೆಗೆದುಕೊಂಡು ಹೋಗಿರುತ್ತಾರೆ.

ಧಾರವಾಡದ ಲೆಕ್ಕಿಗ

ಬೇರೆ ಎಳೆ ಬೇಡ, ಇಲ್ಲೇ ಕೇಳುತ್ತೇನೆ. ಆಲ್‌ಸ್ಟಾರ್ ಅನ್ನುವುದು ಅಂಕ ಇಲ್ಲದ ಪ್ರದರ್ಶನ ರೇಸ್ ತಾನೇ? ಟೆಕ್ಸಾಸ್‌ಗೆ ಹೋದ ದಿನಾಂಕ ಹೋದದ್ದೇ.

ಹಳೇಗೇರ್

2023, 24, 25 ಮೂರೂ ವರ್ಷ ಆಲ್‌ಸ್ಟಾರ್, ಅಂಕ ಇಲ್ಲ, ನಿಜ. ಆದರೆ 2026ರ ವೇಳಾಪಟ್ಟಿ ನೋಡಿ. ಜುಲೈ 19, ನಾರ್ತ್ ವಿಲ್ಕ್ಸ್‌ಬರೊ, ಅಂಕದ ರೇಸ್. 1996ರ ನಂತರ ಮೊದಲ ಸಲ. ಕ್ಯಾಲೆಂಡರಿನ ಒಂದು ಚೌಕ ವಾಪಸ್ ಬಂದಿದೆ. ಎರಡು ಕೊಟ್ಟು ಒಂದು ಪಡೆದರು, ಲೆಕ್ಕ ನೀವೇ ಬರೆದುಕೊಳ್ಳಿ.

ಧಾರವಾಡದ ಲೆಕ್ಕಿಗ

ಬರೆದುಕೊಂಡೆ. ಬಡ್ಡಿ ಮಾತ್ರ ಬಾಕಿ ಇದೆ. 😀

ಮೂರನೇ ತಿರುವು

ಹಳೇಗೇರ್, ಜುಲೈಗೆ ಟಿಕೆಟ್ ತೆಗೆದರೆ ನನಗೂ ಒಂದು ಹೇಳಿ. ನನ್ನ ಗೆಳೆಯರು ಈಗಿಲ್ಲ, ಅವರ ಮಗ ಬರುತ್ತಾನಂತೆ. ಚಿತ್ರಾನ್ನ ನನ್ನದು.

ಸುಧಾ ಕೇಳ್ತಾರೆ

ಕೊನೇ ಪ್ರಶ್ನೆ. ಆ ಇಳಿಜಾರು ಅಲ್ಲಿ ನಿಂತು ನೋಡಿದರೆ ನಿಜವಾಗಿ ಕಾಣುತ್ತದಾ, ಇಲ್ಲ ಎಲ್ಲ ಬಾಯಿಮಾತಾ?

ಹಳೇಗೇರ್

2023ರಲ್ಲಿ ಒಂದಷ್ಟು ಹೊತ್ತು ಜನರನ್ನು ಟ್ರ್ಯಾಕ್ ಮೇಲೆ ಬಿಟ್ಟಿದ್ದರು. ನಾನು ಗೆರೆಯ ಹತ್ತಿರ ನೀರಿನ ಬಾಟಲಿ ಅಡ್ಡ ಮಲಗಿಸಿ ಕೈ ಬಿಟ್ಟೆ. ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ತಾನೇ ಹೊರಟಿತು, ಒಂದನೇ ತಿರುವಿನ ಕಡೆಗೆ. ನನ್ನ ಮಗಳು ಹಿಂದೆ ಓಡಿದಳು.

ಗ್ಯಾರೇಜ್ ಪುತ್ತೂರು

ಅಲ್ಲಿ ನೇರ ದಾರಿಯೂ 3 ಡಿಗ್ರಿ ಒಳಕ್ಕೆ ವಾಲಿದೆ ಅಂತ ಓದಿದ್ದೇನೆ. ಬಾಟಲಿ ಒಳಗಿನ ಹುಲ್ಲಿನ ಕಡೆ ಉರುಳಬೇಕಲ್ವಾ?

ಹಳೇಗೇರ್

ನಿಮ್ಮ ಹತ್ತಿರ ಸುಳ್ಳು ಹೇಳೋಕಾಗಲ್ಲ ಮಾರಾಯ್ರೆ. ಮೊದಲು ಮುಂದಕ್ಕೆ ಹೋಯಿತು, ಆಮೇಲೆ ಓರೆಯಾಗಿ ಒಳಕ್ಕೆ ಎಳೆದುಕೊಂಡು ಹುಲ್ಲಿಗೆ ಬಿತ್ತು. ಮಗಳು ಅಲ್ಲೇ ಹಿಡಿದಳು. ಜುಲೈನಲ್ಲಿ ಬಿಟ್ಟರೆ ವಿಡಿಯೊ ಮಾಡಿ ಹಾಕುತ್ತೇನೆ.